ಊರು ಹಿಡಿದವನು ಒಬ್ಬ, ಅನ್ನ ಹಾಕೋರು ನಾವಾ? ಗ್ಯಾರೇಜಿನಲ್ಲಿರುವ 14 ಮೂಟೆ ಅಕ್ಕಿ ಬಗ್ಗೆ ಸಲಹೆ ಬೇಕು

ಕುವೆಂಪುನಗರ ಟ್ಯೂಷನ್ ಅಕ್ಕ · ಶನಿವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಗಾಜಾ ನಗರದಲ್ಲಿ ಕ್ಷಾಮ ಇದೆ ಅಂತ 2025ರ ಆಗಸ್ಟ್ 22ರಂದು ತಜ್ಞರು ಖಚಿತಪಡಿಸಿದರಲ್ಲ, ಆ ಸುದ್ದಿ ನೋಡಿದ ರಾತ್ರಿ ನಮ್ಮ ಬೀದಿಯ ಏಳೆಂಟು ಮನೆಯವರು ಏನಾದರೂ ಮಾಡೋಣ ಅಂದುಕೊಂಡೆವು. ಯಾರೋ ಅಕ್ಕಿ ಕೊಟ್ಟರು, ಯಾರೋ ಹೊದಿಕೆ ಕೊಟ್ಟರು. ಈಗ ನಮ್ಮ ಗ್ಯಾರೇಜಿನಲ್ಲಿ 25 ಕೆಜಿಯ 14 ಮೂಟೆ ಅಕ್ಕಿ, 60 ಹೊದಿಕೆ, ಬಿಸ್ಕತ್ ಡಬ್ಬದಲ್ಲಿ 38,400 ರೂಪಾಯಿ ಇದೆ. ಸ್ಕೂಟರ್ ಹೊರಗೆ ಮಳೆಯಲ್ಲಿ ನಿಂತಿದೆ. ಇಸ್ರೇಲ್ ಮತ್ತು ಗಾಜಾದ ಹಮಾಸ್ ಪಡೆ ಮಧ್ಯೆ ಕದನವಿರಾಮ ಆಯಿತು, ನಾವು ಇನ್ನೂ ಕಳಿಸಿಲ್ಲ. ಎಲ್ಲಿಗೆ, ಯಾರ ಮೂಲಕ ಕಳಿಸಬೇಕು ಎನ್ನುವುದೇ ಗೊತ್ತಿಲ್ಲ.

ಇದರ ಮಧ್ಯೆ ಎದುರು ಮನೆ ತಾತ ಬಂದರು. ಕೋಲಿನ ತುದಿಯಿಂದ ಮೂಟೆ ತಿವಿದು ನೋಡಿದರು. ‘ಊರು ಹಿಡ್ಕೊಂಡು ಕೂತಿರೋನು ಒಬ್ಬ. ಅನ್ನ ಹಾಕೋರು ನಾವಾ? ಊರು ಅವನ ಕೈಲಿದ್ರೆ ಒಲೆನೂ ಅವನದೇ ಅಲ್ವೇನಮ್ಮ?’ ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ತಾತನ ಮಾತು ಸರಿ ಇದ್ದರೆ ನಾವು ಮಾಡುತ್ತಿರುವುದು ತಪ್ಪಾ? ತಿಳಿದವರು ಹೇಳಿ. ಯಾವ ಪಕ್ಷ ಸರಿ ಎನ್ನುವ ಜಗಳ ದಯವಿಟ್ಟು ಬೇಡ.

ಗಂಜಾಂ ಹುಡುಗ

ಅಕ್ಕ, ಮೊದಲು ಮೂಟೆ ಕೆಳಗೆ ಹಲಗೆ ಹಾಕಿ. ಸಿಮೆಂಟ್ ನೆಲಕ್ಕೆ ತಾಗಿದರೆ ತೇವ ಹಿಡಿದು ಹುಳ ಬೀಳುತ್ತೆ. ಉಳಿದದ್ದು ಆಮೇಲೆ.

ಸರಸ್ವತಿಪುರಂ ವಕೀಲ

ತಾತನವರು ಯಾವ ಕಾಲೇಜಿನಲ್ಲಿ ಕಾನೂನು ಓದಿದರೋ ಗೊತ್ತಿಲ್ಲ. ಆದರೆ ಅವರು ಹೇಳಿದ್ದು ಹೆಚ್ಚೂಕಡಿಮೆ ನಾಲ್ಕನೇ ಜಿನೀವಾ ಒಪ್ಪಂದದ 55ನೇ ವಿಧಿ. 1949ರ ಆಗಸ್ಟ್ 12ರದ್ದು.

ಒಂದು ದೇಶದ ಸೇನೆ ಇನ್ನೊಂದು ಜಾಗವನ್ನು ಹಿಡಿದು ಅಲ್ಲಿ ತನ್ನ ಹತೋಟಿ ನಡೆಸುತ್ತಿದೆ ಅಂದುಕೊಳ್ಳಿ. ಅಲ್ಲಿನ ಜನರಿಗೆ ಆಹಾರ, ಔಷಧ ಸಿಗುವಂತೆ ತನ್ನ ಶಕ್ತಿ ಇರುವಷ್ಟೂ ನೋಡಿಕೊಳ್ಳುವುದು ಆ ದೇಶದ ಕರ್ತವ್ಯ. ಅಲ್ಲಿ ಬೆಳೆದದ್ದು ಸಾಲದಿದ್ದರೆ ಹೊರಗಿನಿಂದ ತರಿಸಬೇಕು. ಇದು 55. 56ನೇ ವಿಧಿ ಆಸ್ಪತ್ರೆ ಮತ್ತು ಸಾಂಕ್ರಾಮಿಕ ರೋಗದ ಬಗ್ಗೆ.

ಅವನ ಕೈಯಲ್ಲಿ ಆಗದಿದ್ದರೆ? ಆಗ 59. ಹೊರಗಿನವರ ನೆರವನ್ನು ಒಪ್ಪಿಕೊಳ್ಳಬೇಕು ಮತ್ತು ದಾರಿ ಮಾಡಿಕೊಡಬೇಕು. ಲಾರಿ ತಪಾಸಣೆ ಮಾಡಬಹುದು, ಹೊತ್ತು ಮತ್ತು ದಾರಿ ಗೊತ್ತುಮಾಡಬಹುದು. ಬೇಡ ಅನ್ನುವ ಹಾಗಿಲ್ಲ.

ತಾತನ ಪ್ರಶ್ನೆಗೆ ನೇರ ಉತ್ತರ ಇರುವುದು 60ರಲ್ಲಿ. ಹೊರಗಿನಿಂದ ಅಕ್ಕಿ ಬಂತು ಅಂತ ಊರು ಹಿಡಿದವನ ಹೊಣೆ ಕಡಿಮೆ ಆಗುವುದಿಲ್ಲ. ನೀವು ಕಳಿಸುವ ಮೂಟೆ ಅವನ ಲೆಕ್ಕದಲ್ಲಿ ಜಮೆ ಆಗುವುದಿಲ್ಲ. ಹಾಗಾಗಿ ನೀವು ಮಾಡುತ್ತಿರುವುದು ತಪ್ಪಲ್ಲ ಅಕ್ಕ, ತಾತ ಹೇಳಿದ್ದೂ ತಪ್ಪಲ್ಲ.

ಹೆಬ್ಬಾಳ ಸೆಕೆಂಡ್ ಶಿಫ್ಟ್

ಆದರೆ ಇಸ್ರೇಲ್ 2005ರಲ್ಲೇ ಗಾಜಾ ಬಿಟ್ಟು ಹೋಗಿತ್ತಲ್ಲ ಸರ್? ಹಿಡಿದಿದ್ದಾರೆ ಅಂತ ಹೇಗೆ ಹೇಳ್ತೀರಿ?

ಸರಸ್ವತಿಪುರಂ ವಕೀಲ

ಒಳ್ಳೆ ಪ್ರಶ್ನೆ. ಇಸ್ರೇಲಿನ ವಾದವೂ ಅದೇ. ಊರೊಳಗೆ ಸೈನಿಕ ಇಲ್ಲದಿದ್ದರೂ ಗೇಟು, ಸಮುದ್ರ, ಆಕಾಶ ಅವನ ಕೈಯಲ್ಲಿದ್ದರೆ ಅಷ್ಟರ ಮಟ್ಟಿಗೆ ಹೊಣೆಯೂ ಉಳಿಯುತ್ತೆ ಅಂತ ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜುಲೈ 19ರ ಅಭಿಪ್ರಾಯದಲ್ಲಿ ಹೇಳಿತು. 2025ರ ಅಕ್ಟೋಬರ್ 22ಕ್ಕೆ ಇನ್ನೊಂದು ಅಭಿಪ್ರಾಯ ಬಂತು. ಗಾಜಾ ಜನರಿಗೆ ಸಾಕಷ್ಟು ಸಾಮಗ್ರಿ ಸಿಕ್ಕಿಲ್ಲ, ವಿಶ್ವಸಂಸ್ಥೆಯ ನೆರವನ್ನು ಒಪ್ಪಿ ದಾರಿ ಮಾಡಿಕೊಡಲೇಬೇಕು ಎಂದಿತು. ಇಸ್ರೇಲ್ ಅದನ್ನು ತಿರಸ್ಕರಿಸಿದೆ. ಇವು ಸಲಹೆ ರೂಪದ ಅಭಿಪ್ರಾಯಗಳು, ಜಪ್ತಿ ಆದೇಶ ಅಲ್ಲ.

ಇನ್ನೊಂದು ಮಾತು. ಸುಡಾನ್‌ನಂಥ ಒಳಯುದ್ಧಕ್ಕೆ ಈ 55, 59 ಹೀಗೇ ಅನ್ವಯಿಸುವುದಿಲ್ಲ, ಅಲ್ಲಿನ ನಿಯಮ ಬೇರೆ. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಕಬೇಡಿ.

ಮದ್ದೂರು ಹತ್ತು ಚಕ್ರ

ಕಾನೂನು ವಕೀಲರು ನೋಡ್ಕೊಳ್ಳಲಿ. ನಾನು ಲಾರಿ ಲೆಕ್ಕ ಹೇಳ್ತೀನಿ. ಇಪ್ಪತ್ತು ವರ್ಷದಿಂದ ರೈಸ್ ಮಿಲ್ ಲೋಡು ಹೊಡೀತಿದ್ದೀನಿ.

ಒಬ್ಬ ಮನುಷ್ಯನಿಗೆ ದಿನಕ್ಕೆ 2,100 ಕ್ಯಾಲೊರಿ ಬೇಕು ಅಂತ ನೆರವಿನ ಕೆಲಸದವರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಧಾನ್ಯ ಸುಮಾರು 400 ಗ್ರಾಂ, ಬೇಳೆ 60, ಎಣ್ಣೆ 25, ಉಪ್ಪು ಚಿಟಿಕೆ. ಒಟ್ಟು ಅರ್ಧ ಕೆಜಿ ಅಂದುಕೊಳ್ಳಿ. ಗಾಜಾದಲ್ಲಿ ಸುಮಾರು 20 ಲಕ್ಷ ಜನ. ಅಂದರೆ ದಿನಕ್ಕೆ 1,000 ಟನ್. ನನ್ನಂಥ ಗಾಡಿಗೆ 18 ಟನ್ ಹಾಕಿದರೂ 55 ಲಾರಿ ದಾಟುತ್ತೆ. ಒಣ ರೇಷನ್ ಮಾತ್ರ ಇದು! ನೀರು, ಡೀಸೆಲ್, ಔಷಧ, ಸೋಪು, ಟಾರ್ಪಾಲು ಎಲ್ಲ ಬೇರೆ. ಯುದ್ಧಕ್ಕೆ ಮೊದಲು ದಿನಕ್ಕೆ ಸುಮಾರು 500 ಲಾರಿ ಒಳಗೆ ಹೋಗುತ್ತಿತ್ತಂತೆ. 2025ರ ಮಾರ್ಚ್ 2ರಿಂದ ಸುಮಾರು ಹನ್ನೊಂದು ವಾರ ಒಂದೂ ಹೋಗಲಿಲ್ಲ.

ಅಕ್ಕ, ನಿಮ್ಮ 14 ಮೂಟೆ ಅಂದರೆ 350 ಕೆಜಿ. ತಲೆಗೆ 400 ಗ್ರಾಂ ಅಂದರೆ 875 ಜನಕ್ಕೆ ಒಂದು ದಿನದ ಧಾನ್ಯ. ಕಡಿಮೆ ಅಲ್ಲ ಬಿಡಿ. ಆದರೆ ಅಲ್ಲಿಗೆ ಕಳಿಸೋ ಬಾಡಿಗೆಯಲ್ಲಿ ಹತ್ತಿರದಲ್ಲೇ ಇದರ ಎಷ್ಟೋ ಪಾಲು ಹಿಟ್ಟು ಕೊಳ್ಳಬಹುದು.

ಗೇಟಿನ ಹತ್ತಿರ ಏನಾಗುತ್ತೆ ಗೊತ್ತಾ? ಕೆರೆಮ್ ಶಾಲೋಮ್ ಅಂತ ಒಂದು ದಾಟುಗಡಿ ಇದೆ. ನೀವು ತಂದ ಗಾಡಿ ಒಳಗೆ ಹೋಗಲ್ಲ. ಸರಕು ಇಳಿಸಬೇಕು, ಹಲಗೆ ಮೇಲೆ ಜೋಡಿಸಬೇಕು, ಸ್ಕ್ಯಾನ್ ಆಗಬೇಕು, ಮತ್ತೆ ಆ ಕಡೆ ಗಾಡಿಗೆ ಏರಿಸಬೇಕು. ಒಂದು ಲೋಡಿಗೆ ಎರಡು ಸಲ ಹಮಾಲಿ. ನಮ್ಮ ಎಪಿಎಂಸಿಯಲ್ಲಿ ಒಂದು ಸಲ ಇಳಿಸಿ ಏರಿಸೋಕೇ ಅರ್ಧ ದಿನ ಹೋಗುತ್ತೆ. ಬಿಸಿಲಲ್ಲಿ ನಿಂತ ಸರಕು ಕೆಡುತ್ತೆ. ಡ್ರೈವರ್‌ಗೆ ಮೂತ್ರಕ್ಕೆ ಹೋಗೋಕೂ ಜಾಗ ಇರಲ್ಲ. ಅದನ್ನ ಯಾವ ಟಿವಿಯವರೂ ತೋರಿಸಲ್ಲ ನೋಡಿ.

ಇನ್ನೊಂದು, ಅಕ್ಕಿ ಬೇಯಬೇಕಾದರೆ ನೀರು ಬೇಕು, ಗ್ಯಾಸ್ ಬೇಕು. ಎರಡೂ ಇಲ್ಲದ ಊರಿಗೆ ಅಕ್ಕಿ ಕಳಿಸಿದರೆ ಹಸಿ ಅಕ್ಕಿ ಮುಕ್ಕಬೇಕಷ್ಟೆ.

2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾನು ಎರಡು ಲೋಡು ಸಾಮಾನು ಹೊಡೆದಿದ್ದೆ. ಇಳಿಸಿದ್ದು ಒಂದು ಕಲ್ಯಾಣ ಮಂಟಪದಲ್ಲಿ. ಅಲ್ಲಿ ಹಳೇ ಬಟ್ಟೆ ಆಳೆತ್ತರ ರಾಶಿ ಬಿದ್ದಿತ್ತು. ಒಂದು ಚೀಲ ಬಿಚ್ಚಿದರೆ ಬರೀ ಒಂಟಿ ಚಪ್ಪಲಿ. ಜೋಡಿ ಇಲ್ಲ! ಅಲ್ಲಿದ್ದ ಹೆಂಗಸರು ಕೇಳುತ್ತಿದ್ದದ್ದು ಒಳಉಡುಪು, ಪ್ಯಾಡು, ಮತ್ತೆ ಟಾರ್ಚು.

ಕುವೆಂಪುನಗರ ಟ್ಯೂಷನ್ ಅಕ್ಕ

ಒಂಟಿ ಚಪ್ಪಲಿ ಕತೆ ಓದಿ ಈಗಲೇ ಹೋಗಿ ಹೊದಿಕೆ ಬಿಚ್ಚಿ ನೋಡಿದೆ ಅಣ್ಣ. ಅದರಲ್ಲಿ ಎರಡು ಕಿಟಕಿ ಪರದೆ ಇದೆ.

ಹೆಬ್ಬಾಳ ಸೆಕೆಂಡ್ ಶಿಫ್ಟ್

ನಾನು ಬೇರೆ ಮಾತು ಹೇಳ್ತೀನಿ, ಬೈಯಬೇಡಿ. ಕಳಿಸಿದ್ದು ಬಂದೂಕು ಹಿಡಿದವರ ಹೊಟ್ಟೆಗೆ ಹೋಗಲ್ಲ ಅಂತ ಏನು ಗ್ಯಾರಂಟಿ? 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಯವರು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದರು, 251 ಜನರನ್ನು ಎಳೆದುಕೊಂಡು ಹೋದರು. ಸೆರೆಯಲ್ಲಿದ್ದ ಒತ್ತೆಯಾಳುಗಳನ್ನು ನೋಡೋಕೆ ರೆಡ್ ಕ್ರಾಸ್‌ನವರಿಗೂ ಬಿಡಲಿಲ್ಲ. ಅದೂ ನಾಗರಿಕರೇ ಅಲ್ವಾ?

ಸರಸ್ವತಿಪುರಂ ವಕೀಲ

ಖಂಡಿತ. ಒತ್ತೆ ಇಟ್ಟುಕೊಳ್ಳುವುದನ್ನು ಅದೇ ಒಪ್ಪಂದದ 34ನೇ ವಿಧಿ ಸ್ಪಷ್ಟವಾಗಿ ನಿಷೇಧಿಸುತ್ತೆ. ಅದು ಅಪರಾಧ, ಅದಕ್ಕೆ ಸಬೂಬು ಇಲ್ಲ. ಆದರೆ ಒಬ್ಬ ತಪ್ಪು ಮಾಡಿದ ಅಂತ ಅವನ ಊರಿನ ಮಗುವಿನ ಹಾಲು ನಿಲ್ಲಿಸೋ ಹಾಗಿಲ್ಲ. 33ನೇ ವಿಧಿ: ತಾನು ಮಾಡದ ತಪ್ಪಿಗೆ ಯಾರಿಗೂ ಶಿಕ್ಷೆ ಇಲ್ಲ, ಸಾಮೂಹಿಕ ದಂಡ ಇಲ್ಲ.

ಮಳವಳ್ಳಿ ಅಂಗನವಾಡಿ ಟೀಚರ್

ಕಳ್ಳತನದ ಮಾತು ಬಂತಲ್ಲ, ಅದಕ್ಕೆ ಹೇಳ್ತೀನಿ. ಅನ್ನಭಾಗ್ಯದ ಅಕ್ಕಿ ಕಾಳಸಂತೆಗೆ ಹೋಗುತ್ತೆ ಅಂತ ಎಷ್ಟು ಸಲ ಪೇಪರ್‌ನಲ್ಲಿ ಬಂದಿಲ್ಲ? ಅದಕ್ಕೆ ರೇಷನ್ ಅಂಗಡಿಯನ್ನೇ ಮುಚ್ಚಿ ಅಂತೀರಾ? ತೂಕ ನೋಡಿ, ಕಾರ್ಡ್ ನೋಡಿ, ಕಳ್ಳನನ್ನ ಹಿಡೀರಿ. ಮತ್ತೆ ಒಂದು ಸತ್ಯ ಇದೆ. ಅಂಗಡಿ ತುಂಬ ಅಕ್ಕಿ ಇದ್ದರೆ ಕದಿಯೋನಿಗೆ ಏನು ಸಿಗುತ್ತೆ? ಬೆಲೆ ಏರೋದು ಕೊರತೆ ಇದ್ದಾಗಲೇ.

ನಾನು ಇಲ್ಲಿ ಬರೆಯೋಕೆ ಬಂದದ್ದು ಬೇರೆ ವಿಷಯಕ್ಕೆ. ನಮ್ಮ ಹತ್ತಿರ ಮಕ್ಕಳ ತೋಳು ಅಳೆಯೋ ಪಟ್ಟಿ ಇರುತ್ತೆ. ಕೆಂಪು, ಹಳದಿ, ಹಸಿರು. ಆರು ತಿಂಗಳಿಂದ ಐದು ವರ್ಷದ ಮಗುವಿನ ರಟ್ಟೆಗೆ ಸುತ್ತಬೇಕು. 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು. ಅಂದರೆ ತೀವ್ರ ಅಪೌಷ್ಟಿಕತೆ. ಗಾಜಾದಲ್ಲೂ ಲೆಕ್ಕ ಹಾಕುವುದು ಇಂಥ ಪಟ್ಟಿಯಿಂದಲೇ.

11.5 ಅಂದರೆ ಎಷ್ಟು ಅಂತ ಗೊತ್ತಾಗಬೇಕಾ? ಮನೆಯಲ್ಲಿ ನಾಮಕರಣಕ್ಕೆ ಕೊಟ್ಟ ಕೂಸಿನ ಬಳೆ ಇದ್ದರೆ ತೆಗೆದು ನೋಡಿ. ಎರಡು ವರ್ಷದ ಮಗುವಿನ ರಟ್ಟೆ ಆ ಬಳೆಯೊಳಗೆ ಸಲೀಸಾಗಿ ಕೂರುತ್ತೆ. ಮುಂಗೈ ಅಲ್ಲ, ರಟ್ಟೆ.

ಅಂಥ ಮಗುವಿಗೆ ಅನ್ನ ಬಡಿಸಿದರೆ ಆಗಲ್ಲ. ಹೊಟ್ಟೆ ತಡೆಯಲ್ಲ, ಜೀವಕ್ಕೇ ಅಪಾಯ. ಜೊತೆಗೆ ಕಾಯಿಲೆಯೂ ಇದ್ದರೆ ಮೊದಲು ಅಳತೆ ಮಾಡಿದ ಔಷಧಿ ಹಾಲು. ಸ್ವಲ್ಪ ಚೇತರಿಸಿಕೊಂಡ ಮೇಲೆ ಕಡಲೆಕಾಯಿ ಪೇಸ್ಟಿನ ಪೊಟ್ಟಣ. 92 ಗ್ರಾಂ, 500 ಕ್ಯಾಲೊರಿ. ಬೇಯಿಸೋದು ಬೇಡ, ನೀರು ಬೆರೆಸೋದು ಬೇಡ, ಮಗು ಪೊಟ್ಟಣದಿಂದಲೇ ಚೀಪುತ್ತೆ. ನಾನು ಒಂದು ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಹದಿನಾಲ್ಕು ದಿನ ಇರಬೇಕು ಅಂದರು. ತಾಯಿ ಒಂಬತ್ತನೇ ದಿನ ಅತ್ತಳು, ಕೂಲಿ ಹೋಯಿತು ಅಂತ. ಕರೆಂಟು, ಡಾಕ್ಟರು, ಹಾಸಿಗೆ ಎಲ್ಲ ಇರೋ ನಮ್ಮ ಊರಲ್ಲೇ ಹೀಗೆ.

ಅದಕ್ಕೇ ಅಕ್ಕ, ಅಕ್ಕಿ ಬೇಡ. ದುಡ್ಡು ಕಳಿಸಿ.

ಶ್ರೀರಂಗಪಟ್ಟಣ ಗೈಡ್

ಊರು ಹಿಡಿಯೋದು ಅಂದರೆ ಏನು ಅಂತ ನಮ್ಮ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ದಿನಾ ಪ್ರವಾಸಿಗರಿಗೆ ಕೋಟೆ ಒಡೆದ ಜಾಗ ತೋರಿಸ್ತೀನಿ. 1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಎಲ್ಲರೂ ಟಿಪ್ಪು ಬಿದ್ದ ಜಾಗದಲ್ಲಿ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಆ ರಾತ್ರಿ ಊರೊಳಗೆ ಏನಾಯಿತು ಅಂತ ಯಾರೂ ಕೇಳಲ್ಲ.

ರಾತ್ರಿಯಿಡೀ ಲೂಟಿ. ಮಾರನೇ ದಿನ ಬ್ರಿಟಿಷ್ ಸೇನೆಯ ಆರ್ಥರ್ ವೆಲ್ಲೆಸ್ಲಿ ಊರಿನ ಉಸ್ತುವಾರಿ ವಹಿಸಿಕೊಂಡ. ಲೂಟಿಯಾಗದೆ ಉಳಿದ ಮನೆ ಇಲ್ಲವೆಂದೇ ಹೇಳಬೇಕು ಅಂತ ಅವನೇ ಅಣ್ಣನಿಗೆ ಪತ್ರ ಬರೆದಿದ್ದಾನೆ. ಗಲ್ಲಿಗೇರಿಸಿ, ಛಡಿಯಲ್ಲಿ ಹೊಡೆಸಿ ಹತೋಟಿಗೆ ತಂದೆ ಅಂತಲೂ ಇದೆ. ಆಮೇಲೆ ಜನ ಮನೆಗಳಿಗೆ ವಾಪಸ್ ಬರತೊಡಗಿದರು. ಅಂದರೆ ಗೆದ್ದವನು ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ನಿಲ್ಲಿಸಬಹುದಿತ್ತು ಅಂತಾಯಿತಲ್ಲ?

ಜೆಪಿನಗರ_7

ಅದೇ ಟಿಪ್ಪು ಮಾಡಿದ್ದು ನೆನಪಿಲ್ವಾ? ಕೊಡಗಿನವರನ್ನ ಕೇಳಿ.

ಶ್ರೀರಂಗಪಟ್ಟಣ ಗೈಡ್

ಸ್ವಾಮಿ, ನಾನು ಹೇಳಿದ್ದು ಊರಿನ ಜನರ ಬಗ್ಗೆ, ಸುಲ್ತಾನನ ಬಗ್ಗೆ ಅಲ್ಲ. ಕೊಡಗಿನಿಂದ ಜನರನ್ನು ಹೊತ್ತೊಯ್ದದ್ದೂ ಇದೇ ಪಟ್ಟಿಗೆ ಸೇರುತ್ತೆ, ಇಲ್ಲ ಅಂದವರು ಯಾರು? 1791ರಲ್ಲಿ ಮರಾಠಾ ಸೇನೆಯ ಕಡೆಯವರು ಶೃಂಗೇರಿ ಮಠ ಲೂಟಿ ಮಾಡಿದ್ದೂ ಸೇರುತ್ತೆ. ಆ ಕಾಲಕ್ಕೆ ಕೇಳೋಕೆ ಇಂಥ ಒಪ್ಪಂದ ಇರಲಿಲ್ಲ.

ನಿರ್ವಾಹಕ

ಟಿಪ್ಪು ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ 900 ಉತ್ತರ ಇವೆ. ಇಲ್ಲಿ ಮುಂದುವರಿಸಿದರೆ ಅಳಿಸುತ್ತೇನೆ.

ಶ್ರೀರಂಗಪಟ್ಟಣ ಗೈಡ್

ಸರಿ. ಒಂದೇ ಮಾತು, ಇದು ಟಿಪ್ಪು ಅಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಹಿಡಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಇತ್ತು, ಜೋಧಪುರದವರ ಜೊತೆ. ದೆಹಲಿಯ ತೀನ್ ಮೂರ್ತಿಯಲ್ಲಿ ಒಂದು ಮೂರ್ತಿ ನಮ್ಮದು. ಯುದ್ಧ ಮುಗಿದ ಮೇಲೆ 1920ರವರೆಗೆ ಪ್ಯಾಲೆಸ್ಟೈನ್ ಇದ್ದದ್ದು ಬ್ರಿಟಿಷರ ಸೇನಾಡಳಿತದಲ್ಲಿ. ಅದರ ಹೆಸರಲ್ಲೇ ‘ಆಕ್ರಮಿತ ಶತ್ರು ಪ್ರದೇಶ’ ಅಂತ ಇತ್ತು. ಆ ನೆಲದಲ್ಲಿ ನಮ್ಮವರ ಕುದುರೆ ಗೊರಸೂ ಊರಿದೆ. ದೂರದ ಊರಿನ ಕತೆ ನಮಗ್ಯಾಕೆ ಅನ್ನುವವರಿಗೆ ಇದನ್ನು ಹೇಳ್ತಿರ್ತೀನಿ.

ಮಂಡ್ಯ ಇತಿಹಾಸ ಮೇಷ್ಟ್ರು

ತಾತನ ಪ್ರಶ್ನೆ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು 1941ರಲ್ಲಿ ಒಂದು ಸರ್ಕಾರ ಕೇಳಿತ್ತು.

ಗ್ರೀಸ್ ದೇಶ. 1941ರ ಏಪ್ರಿಲ್‌ನಲ್ಲಿ ಜರ್ಮನಿ ನುಗ್ಗಿತು. ಇಟಲಿ, ಬಲ್ಗೇರಿಯಾ ಜೊತೆ ಹಂಚಿಕೊಂಡಿತು. ಸೇನೆಗಳು ಅಲ್ಲಿನ ಧಾನ್ಯ, ಎಣ್ಣೆ, ಗಾಡಿಗಳನ್ನು ಬಾಚಿಕೊಂಡವು. ಗ್ರೀಸ್ ಗೋಧಿಯನ್ನು ಹಡಗಿನಲ್ಲಿ ತರಿಸಿಕೊಂಡು ಬದುಕುವ ದೇಶ. ಆ ಹಡಗುಗಳಿಗೆ ಬ್ರಿಟಿಷ್ ನೌಕಾಪಡೆ ಅಡ್ಡ ನಿಂತಿತು. ಲಂಡನ್ ಹೇಳಿದ್ದು ತಾತ ಹೇಳಿದ್ದೇ: ಊರು ಹಿಡಿದವನು ಜರ್ಮನಿ, ಅನ್ನ ಹಾಕುವುದು ಅವನ ಕೆಲಸ. ನಾವು ಕಳಿಸಿದರೆ ಅವನಿಗೇ ಅನುಕೂಲ.

ಕಾನೂನಿನ ಪ್ರಕಾರ ಮಾತು ಸರಿ. ಅಷ್ಟರಲ್ಲಿ ಚಳಿಗಾಲ ಬಂತು. ಅಥೆನ್ಸ್ ಬೀದಿಗಳಲ್ಲಿ ಬೆಳಿಗ್ಗೆ ಹೆಣ ಎತ್ತಲು ಗಾಡಿ ಬರುತ್ತಿತ್ತು. ಸತ್ತವರ ರೇಷನ್ ಕಾರ್ಡ್ ಉಳಿಯಲಿ ಅಂತ ಮನೆಯವರು ಸಾವನ್ನು ಮುಚ್ಚಿಡುತ್ತಿದ್ದರು. ತಟಸ್ಥವಾಗಿದ್ದ ಟರ್ಕಿಯಿಂದ ಕುರ್ತುಲುಶ್ ಎಂಬ ಹಡಗು ಧಾನ್ಯ ಹೊತ್ತು ಕೆಲವು ಸಲ ಹೋಗಿಬಂತು. 1942ರ ಜನವರಿಯಲ್ಲಿ ಅದೂ ಮರ್ಮರ ಸಮುದ್ರದಲ್ಲಿ ಮುಳುಗಿತು. ಕೊನೆಗೆ ಲಂಡನ್ ಮಣಿಯಿತು. 1942ರಲ್ಲಿ ಸ್ವೀಡನ್ನಿನ ಹಡಗುಗಳಲ್ಲಿ ಕೆನಡಾದ ಗೋಧಿ ಹೋಗತೊಡಗಿತು, ರೆಡ್ ಕ್ರಾಸ್ ಉಸ್ತುವಾರಿಯಲ್ಲಿ ಹಂಚಿದರು. ಆಕ್ಸ್‌ಫರ್ಡ್ ಊರಿನ ಕೆಲವರು ದಿಗ್ಬಂಧನ ಸಡಿಲಿಸಿ ಅಂತ ಅದೇ ವರ್ಷ ಒಂದು ಸಮಿತಿ ಮಾಡಿಕೊಂಡರು. ಇವತ್ತಿನ ಆಕ್ಸ್‌ಫ್ಯಾಮ್ ಅದೇ. ಒಟ್ಟು ಆ ಆಕ್ರಮಣದ ಕಾಲದಲ್ಲಿ ಹಸಿವಿನಿಂದ ಸತ್ತವರು ಸುಮಾರು 3 ಲಕ್ಷ ಎನ್ನುವ ಅಂದಾಜಿದೆ.

1949ರಲ್ಲಿ 59 ಮತ್ತು 60ನೇ ವಿಧಿ ಬರೆಯಲು ಕೂತವರ ಕಣ್ಣೆದುರು ಇಂಥ ಚಳಿಗಾಲಗಳಿದ್ದವು. ಹೊಣೆ ಯಾರದು ಅಂತ ಇಬ್ಬರೂ ಒಬ್ಬರತ್ತ ಒಬ್ಬರು ಬೆರಳು ತೋರಿಸುವಾಗ ಪಾತ್ರೆ ಖಾಲಿ ಇರಬಾರದು ಅಂತ.

ನಮ್ಮ ದೇಶದ್ದೂ ಒಂದಿದೆ. 1942ರ ಮಾರ್ಚ್‌ನಲ್ಲಿ ಜಪಾನಿಯರು ಅಂಡಮಾನ್ ಹಿಡಿದರು. 1944ರ ಜನವರಿ 30ಕ್ಕೆ ಗೂಢಚಾರರೆಂಬ ಆರೋಪ ಹೊರಿಸಿ 44 ಜನರನ್ನು ಹಂಫ್ರೀಗಂಜ್‌ನಲ್ಲಿ ಗುಂಡಿಟ್ಟು ಕೊಂದರು. 1945ರ ಆಗಸ್ಟ್ ಹೊತ್ತಿಗೆ ಆಹಾರ ತಳ ಕಂಡಿತ್ತು. ನೂರಾರು ಜನರನ್ನು ದೋಣಿಗೆ ಹತ್ತಿಸಿ ಹ್ಯಾವ್‌ಲಾಕ್ ಹತ್ತಿರ ಸಮುದ್ರಕ್ಕೆ ಇಳಿಸಿಬಿಟ್ಟರು. ಉಣ್ಣುವ ಬಾಯಿ ಕಡಿಮೆ ಮಾಡಲು. ಈಗ ಅಲ್ಲಿಗೆ ಹನಿಮೂನಿಗೆ ಹೋಗುತ್ತಾರೆ.

ಕೆಆರ್‌ಎಸ್ ಕೆಳಗಿನವನು

ಮೇಷ್ಟ್ರೇ ನಮಸ್ಕಾರ, ನಾನು ನಿಮ್ಮ ಹಳೇ ಸ್ಟೂಡೆಂಟು. ಬರೀ ಗಾಜಾ ಅಲ್ಲ ಅಂತ ಹೇಳೋಕೆ ಬಂದೆ. 2023ರ ಜೂನ್ 6ರಂದು ಉಕ್ರೇನಿನ ಕಖೋವ್ಕಾ ಅಣೆಕಟ್ಟು ಒಡೆಯಿತು. ಅದರಲ್ಲಿ ಸುಮಾರು 18 ಘನ ಕಿಲೋಮೀಟರ್ ನೀರು ನಿಲ್ಲುತ್ತಿತ್ತು. ನಮ್ಮ ಲೆಕ್ಕದಲ್ಲಿ 630 ಟಿಎಂಸಿ ಮೇಲೆ. ಕೆಆರ್‌ಎಸ್ 49.45 ಟಿಎಂಸಿ. ಹನ್ನೆರಡು ಹದಿಮೂರು ಕನ್ನಂಬಾಡಿ ಅಂದುಕೊಳ್ಳಿ. ನಮಗೆ ಗೇಟು ತೆಗೆದು ಲಕ್ಷ ಕ್ಯೂಸೆಕ್ಸ್ ಬಿಟ್ಟರೇ ವೆಲ್ಲೆಸ್ಲಿ ಸೇತುವೆ ಹತ್ತಿರ ಎದೆ ಡವಡವ ಅನ್ನುತ್ತೆ.

ನದಿಯ ಎಡದಂಡೆ ರಷ್ಯಾ ಹಿಡಿತದಲ್ಲಿತ್ತು. ಅಲ್ಲೂ ಊರುಗಳು ಮುಳುಗಿದವು. ಅಲ್ಲಿಗೆ ನೆರವು ತರುತ್ತೇವೆ ಅಂತ ವಿಶ್ವಸಂಸ್ಥೆ ಕೇಳಿತು. ರಷ್ಯಾ ಬಿಡಲಿಲ್ಲ. ಒಂದೇ ಪ್ರವಾಹ, ಬಲದಂಡೆಗೆ ಲಾರಿ ಬಂತು, ಎಡದಂಡೆಗೆ ಇಲ್ಲ.

ಪಾಂಡವಪುರ ಹವಾಲ್ದಾರ್, ನಿವೃತ್ತ

ನಾನು ಟೈಪ್ ಮಾಡೋದು ನಿಧಾನ, ಮೊಮ್ಮಗಳ ಕೈಲಿ ಮಾಡಿಸ್ತಿದ್ದೀನಿ.

1999ರಲ್ಲಿ ವಿಶ್ವಸಂಸ್ಥೆ ಶಾಂತಿಪಡೆಯಲ್ಲಿ ದಕ್ಷಿಣ ಲೆಬನಾನ್‌ನಲ್ಲಿದ್ದೆ. ನರ್ಸಿಂಗ್ ಅಸಿಸ್ಟೆಂಟ್. ಆಗ ಗಡಿಯ ಒಂದು ಪಟ್ಟಿ ಇಸ್ರೇಲ್ ಸೇನೆ ಮತ್ತು ಅದರ ಜೊತೆಗಿದ್ದ ಸ್ಥಳೀಯ ಪಡೆಯ ಹಿಡಿತದಲ್ಲಿತ್ತು. 2000ದ ಮೇನಲ್ಲಿ ಬಿಟ್ಟುಹೋದರು.

ನಮ್ಮ ಭಾರತದ ತುಕಡಿಗೆ ಅಲ್ಲಿ ಹೆಸರು ತಂದವರು ದನದ ಡಾಕ್ಟರು. ನಗಬೇಡಿ. ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಆಡು ಎಳೆದುಕೊಂಡು ಬಂದಳು. ಕೆಚ್ಚಲು ಬಾವು. ಅವಳ ಹಳ್ಳಿ ನಮ್ಮ ಕ್ಯಾಂಪಿನಿಂದ ಕಣ್ಣಿಗೆ ಕಾಣುತ್ತಿತ್ತು. ಆದರೆ ಚೆಕ್‌ಪೋಸ್ಟ್ ಮುಚ್ಚಿದ್ದರಿಂದ ಗುಡ್ಡ ಸುತ್ತಿ ಬಂದಿದ್ದಳು. ಡಾಕ್ಟರು ಸೂಜಿ ಹಾಕಿದರು. ನಾನು ಬಿಸಿನೀರಿನ ಶಾಖ ಕೊಡೋದು ತೋರಿಸಿದೆ, ನಮ್ಮವ್ವ ಮಾಡುತ್ತಿದ್ದ ಹಾಗೆ. ಅಜ್ಜಿ ಸೆರಗಿನಿಂದ ನಾಲ್ಕು ಆಲಿವ್ ಕಾಯಿ ತೆಗೆದು ಕೊಟ್ಟಳು. ಕಹಿ.

ನೀವೆಲ್ಲ ಅನ್ನದ ಮಾತು ಆಡ್ತಿದ್ದೀರಿ. ಅಲ್ಲಿನ ಜನ ಜಾಸ್ತಿ ಕೇಳುತ್ತಿದ್ದದ್ದು ದಾರಿ. ತೋಟಕ್ಕೆ ಹೋಗೋಕೆ, ಹೆರಿಗೆಗೆ ಹೋಗೋಕೆ, ಸತ್ತವರನ್ನ ಮಣ್ಣು ಮಾಡೋಕೆ. ನಾವು ಹೋರಾಡೋ ಪಡೆ ಅಲ್ಲ. ಬಿಳಿ ಗಾಡಿ, ನೀಲಿ ಟೋಪಿ, ದಿನಾ ಅದೇ ದಾರೀಲಿ ಓಡಾಡೋದು. ನೋಡ್ತಿದ್ದಾರೆ ಅಂತ ಗೊತ್ತಿದ್ದರೆ ಗೇಟಿನವನು ಸ್ವಲ್ಪ ನೆಟ್ಟಗೆ ಇರುತ್ತಾನೆ. ಆಲಿವ್ ಕೊಯ್ಲಿನ ಟೈಮಲ್ಲಿ ಪಕ್ಕ ಹೋಗಿ ನಿಂತರೆ ಅದೇ ರಕ್ಷಣೆ. ಯಾರನ್ನ ಯಾವತ್ತು ತಡೆದರು ಅಂತ ರಿಜಿಸ್ಟರ್‌ನಲ್ಲಿ ಬರೆಯೋದು. ಬೋರ್ ಕೆಲಸ.

ಆದರೆ ನೀಲಿ ಬಾವುಟ ಬುಲೆಟ್ ಪ್ರೂಫ್ ಅಲ್ಲ. 1996ರ ಏಪ್ರಿಲ್ 18ಕ್ಕೆ ಅಲ್ಲಿನ ಕಾನಾ ಊರಿನಲ್ಲಿ ಫಿಜಿ ತುಕಡಿಯ ಆವರಣಕ್ಕೆ ಶೆಲ್ ಬಿದ್ದು, ಆಶ್ರಯ ಪಡೆದಿದ್ದ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ನಾವು ಹೋದಾಗಲೂ ಅದೇ ಮಾತು. 2024ರ ಏಪ್ರಿಲ್ 1ಕ್ಕೆ ಗಾಜಾದಲ್ಲಿ ಊಟ ಹಂಚುವ ಸಂಸ್ಥೆಯ ಏಳು ಜನ ಸತ್ತರು. ಅವರ ಗಾಡಿ ಎಲ್ಲಿ ಹೋಗುತ್ತೆ ಅಂತ ಇಸ್ರೇಲ್ ಸೇನೆಗೆ ಮೊದಲೇ ಹೇಳಿದ್ದರು. ಮೇ 13ಕ್ಕೆ ರಫಾದಲ್ಲಿ ವಿಶ್ವಸಂಸ್ಥೆಯ ಗಾಡಿಯಲ್ಲಿ ಸತ್ತವರು ನಮ್ಮದೇ ಸೇನೆಯ ನಿವೃತ್ತ ಅಧಿಕಾರಿ. ಆ ದಿನ ನಾನು ಊಟ ಮಾಡಲಿಲ್ಲ.

ಕುವೆಂಪುನಗರ ಟ್ಯೂಷನ್ ಅಕ್ಕ

ಅಣ್ಣ, ನಿಮ್ಮ ಬರಹ ತಾತನಿಗೆ ಓದಿ ಹೇಳಿದೆ. ಕೆಚ್ಚಲು ಬಾವಿಗೆ ಬೇವಿನ ಸೊಪ್ಪಿನ ನೀರು ಹಾಕಬೇಕಿತ್ತಂತೆ. ಆಮೇಲೆ ಇನ್ನೊಂದು ಪ್ರಶ್ನೆ ಕೊಟ್ಟು ಕಳಿಸಿದ್ದಾರೆ: ‘ಒಪ್ಪಂದ ಮುರಿದವನನ್ನು ಕೇಳೋರು ಯಾರು?’

ಸರಸ್ವತಿಪುರಂ ವಕೀಲ

ಇದಕ್ಕೆ ಖುಷಿ ಕೊಡೋ ಉತ್ತರ ಇಲ್ಲ. ಉಕ್ರೇನಿನ ಆಕ್ರಮಿತ ಜಾಗದಿಂದ ಮಕ್ಕಳನ್ನು ಸಾಗಿಸಿದ ಆರೋಪಕ್ಕೆ 2023ರ ಮಾರ್ಚ್ 17ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಪುಟಿನ್ ಮೇಲೆ ವಾರೆಂಟ್ ಹೊರಡಿಸಿತು. ಹಸಿವನ್ನು ಆಯುಧ ಮಾಡಿಕೊಂಡ ಆರೋಪವೂ ಸೇರಿ 2024ರ ನವೆಂಬರ್ 21ರಂದು ನೆತನ್ಯಾಹು ಮೇಲೆ. ಅದೇ ದಿನ ಹಮಾಸ್ ಸೇನಾ ಮುಖ್ಯಸ್ಥನ ಮೇಲೂ ಹೊರಟಿತ್ತು. ರಷ್ಯಾ, ಇಸ್ರೇಲ್ ಎರಡೂ ತಮ್ಮ ಮೇಲಿನ ಆರೋಪಗಳನ್ನು ಅಲ್ಲಗಳೆದಿವೆ. ವಾರೆಂಟ್ ಹೊರಟಿದೆ, ಕೋಳ ಬಿದ್ದಿಲ್ಲ. ಭಾರತ ಆ ನ್ಯಾಯಾಲಯದ ಸದಸ್ಯ ಅಲ್ಲ. ಆದರೆ ಜಿನೀವಾ ಒಪ್ಪಂದಗಳನ್ನು ನಾವು 1950ರಲ್ಲೇ ಒಪ್ಪಿದ್ದೇವೆ, 1960ರಲ್ಲಿ ಅದಕ್ಕೊಂದು ಕಾಯ್ದೆಯೂ ಆಗಿದೆ.

ನಮ್ಮ ಕೋರ್ಟಲ್ಲೂ ಡಿಕ್ರಿ ಸಿಕ್ಕಿ ಹತ್ತು ವರ್ಷ ಆದರೂ ಗದ್ದೆ ಬಿಡಿಸಿಕೊಳ್ಳೋಕೆ ಆಗದವರು ಎಷ್ಟೋ ಜನ ಇದ್ದಾರೆ ಅಂತ ತಾತನಿಗೆ ಹೇಳಿ. ಅವರಿಗೆ ಅರ್ಥ ಆಗುತ್ತೆ.

ವಿವಿ ಮೊಹಲ್ಲಾ ಬ್ಯಾಂಕ್

ದುಡ್ಡಿನ ವಿಷಯಕ್ಕೆ ಬರ್ತೀನಿ. ವಾಟ್ಸಾಪ್‌ನಲ್ಲಿ ಅಳುವ ಮಗುವಿನ ಫೋಟೋ ಜೊತೆ ಕ್ಯೂಆರ್ ಕೋಡ್ ಬಂದರೆ ಮುಟ್ಟಬೇಡಿ. ನಮ್ಮ ಶಾಖೆಗೆ ವಾರಕ್ಕೊಬ್ಬರಾದರೂ ಅಂಥದ್ದಕ್ಕೆ ಕಳೆದುಕೊಂಡು ಬರುತ್ತಾರೆ. ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು, ದಾನವೂ ಅದರಲ್ಲೇ ಬರುತ್ತೆ. ಪ್ಯಾನ್ ಬೇಕು. ವಿಶ್ವ ಆಹಾರ ಕಾರ್ಯಕ್ರಮದಂಥವರ ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ, ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಬೀದಿಯವರ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತಲ್ಲ, ಯಾರು ಎಷ್ಟು ಕೊಟ್ಟರು ಅಂತ ಒಂದು ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ.

ಕುವೆಂಪುನಗರ ಟ್ಯೂಷನ್ ಅಕ್ಕ · ಹನ್ನೆರಡು ದಿನದ ನಂತರ

ಏನಾಯಿತು ಅಂತ ಹೇಳ್ತೀನಿ. ಅಕ್ಕಿಯನ್ನು ಇಲ್ಲೇ ಒಂದು ವಿದ್ಯಾರ್ಥಿನಿಲಯಕ್ಕೆ ಕೊಟ್ಟೆವು. 13 ಮೂಟೆ. ಗಂಜಾಂ ಹುಡುಗ ಹೇಳಿದ್ದು ನಿಜ, ಮೂಲೆಯ ಒಂದು ಮೂಟೆಗೆ ಹುಳ ಬಿದ್ದಿತ್ತು, ಜರಡಿ ಹಿಡಿಯುತ್ತಿದ್ದೀನಿ. ಅಕ್ಕಿ ಕೊಟ್ಟ ಮನೆಗಳವರನ್ನು ಮೊದಲೇ ಕೇಳಿದ್ದೆ. ಇಬ್ಬರು ಮುಖ ಸಣ್ಣ ಮಾಡಿಕೊಂಡರು, ಗಾಜಾಗೆ ಅಂತ ಕೊಟ್ಟಿದ್ದು ಅಂತ. ಅಳತೆ ಪಟ್ಟಿಯ ವಿಷಯ ಹೇಳಿದೆ, ಒಬ್ಬರು ಒಳಗೆ ಹೋಗಿ ಮೊಮ್ಮಗನ ಬಳೆ ತಂದು ನೋಡಿದರು. ಆಮೇಲೆ ಮಾತಾಡಲಿಲ್ಲ. ಹೊದಿಕೆಗಳನ್ನು ರಾತ್ರಿ ಬಸ್ ಸ್ಟ್ಯಾಂಡ್ ಹತ್ತಿರ ಮಲಗುವವರಿಗೆ ಹಂಚಿದೆವು. ಪರದೆ ವಾಪಸ್ ಕೊಟ್ಟೆ.

ದುಡ್ಡು ಕಳಿಸುವ ದಿನ ತಾತನೂ 500 ರೂಪಾಯಿ ತಂದು ಮೇಜಿನ ಮೇಲೆ ಇಟ್ಟರು. ಒಂದು ಷರತ್ತು. 60ನೇ ವಿಧಿ ಅಂತ ಎಲ್ಲಾದರೂ ಬರೆಯಬೇಕಂತೆ. ಸೈಟಿನಲ್ಲಿ ಹೆಸರು, ವಿಳಾಸ, ಕಾರ್ಡ್ ನಂಬರ್ ಬಿಟ್ಟರೆ ಬರೆಯೋಕೆ ಜಾಗವೇ ಇರಲಿಲ್ಲ. ಕೊನೆಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘500, ವಿಧಿ 60ಕ್ಕೆ ಒಳಪಟ್ಟು’ ಅಂತ ಬರೆದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಹಾಕಿದರು. ಒಟ್ಟು 38,900 ಹೋಯಿತು.

ಪಾಂಡವಪುರ ಹವಾಲ್ದಾರ್, ನಿವೃತ್ತ

ತಾತನಿಗೆ ನನ್ನ ಸಲಾಂ ಹೇಳಮ್ಮ. ಬೇವಿನ ನೀರಿನ ವಿಷಯ ನಾನು ಒಪ್ಪಲ್ಲ.

ಮದ್ದೂರು ಹತ್ತು ಚಕ್ರ

ಖಾಲಿ ಚೀಲ ಎಸೆಯಬೇಡಿ ಅಕ್ಕ. ಗುರುವಾರ ಮೈಸೂರಿಗೆ ಲೋಡು ಇದೆ, ಬಂದು ತಗೊಂಡು ಹೋಗ್ತೀನಿ. ಹುಳದ ಮೂಟೆದು ಬಿಸಿಲಿಗೆ ಹಾಕಿಡಿ.